ಸಾಮಾನ್ಯ ಉದ್ಯಾನವೂ ಅದರ ವೆಚ್ಚವೂ
ಹಲವು ಮನೆಗಳಿಗೆ ಸಾಮಾನ್ಯವಾದ ಉದ್ಯಾನದ ಪಾಲನೆಗೆ ಹಣವೆಲ್ಲಿಂದ ಬರಬೇಕು? ಲಂಡನ್ನಿನ ಎರಡು ಚೌಕಗಳ ಇತಿಹಾಸದಲ್ಲಿ ಇದಕ್ಕೆ ಎರಡು ಬಗೆಯ ಉತ್ತರಗಳನ್ನು ಕಾಣುತ್ತೇವೆ. ಸೇಂಟ್ ಜೇಮ್ಸ್ ಚೌಕದ ನಿವಾಸಿಗಳು 1726ರಲ್ಲಿ ಪಾರ್ಲಿಮೆಂಟಿನಿಂದ ಶಾಸನವೊಂದನ್ನು ಪಡೆದರು. ಮನೆಮನೆಯಿಂದ ತೆರಿಗೆಯೆತ್ತಿ ಚೌಕವನ್ನು ಶುಚಿಗೊಳಿಸಿ ಅಲಂಕರಿಸುವ ಅಧಿಕಾರ ವಿಶ್ವಸ್ತ ಮಂಡಲಿಗೆ ದೊರೆಯಿತು.

ಲೆಸ್ಟರ್ ಚೌಕದ ಆಧಾರವಾದರೋ ಬರಿಯ ಕರಾರು. 1808ರಲ್ಲಿ ಟಲ್ಕ್ ಎಂಬಾತನು ಅಲ್ಲಿನ ತೋಟವನ್ನು ಮಾರುವಾಗ, ಕೊಂಡವನೂ ಅವನ ನಂತರದವರೂ ಅದನ್ನು ತೋಟವಾಗಿಯೇ ಸುಸ್ಥಿತಿಯಲ್ಲಿಡತಕ್ಕದ್ದೆಂದು ಬರೆಯಿಸಿಕೊಂಡಿದ್ದನು. ಮುಂದೆ ಮಾಕ್ಸೆ ಎಂಬುವನು ಅದನ್ನು ಕೊಂಡು ಕಟ್ಟಡವೆಬ್ಬಿಸಲು ಹೊರಟಾಗ, 1848ರಲ್ಲಿ ಲಾರ್ಡ್ ಕಾಟನ್‌ಹ್ಯಾಂ ತಡೆಯಾಜ್ಞೆಯಿತ್ತನು: ಕರಾರನ್ನು ಅರಿತೇ ಕೊಂಡವನು ಅದನ್ನು ಮೀರಲಾಗದು. ನ್ಯಾಯಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಈ ತೀರ್ಪನ್ನು ಬಲ್ಲರು. ತೋಟದ ಗತಿಯನ್ನು ಬಲ್ಲವರು ವಿರಳ. ತೀರ್ಪು ಆ ನೆಲದ ಬಳಕೆಗೆ ಮಿತಿ ಹಾಕಿತೇ ಹೊರತು ಗಿಡಕ್ಕೆ ನೀರೆರೆಯುವ ವೆಚ್ಚಕ್ಕೆ ದಾರಿ ತೋರಲಿಲ್ಲ. 1851ರಿಂದ 1862ರವರೆಗೆ ಅಲ್ಲಿ ವೈಲ್ಡನ ಭೂಗೋಳ ಪ್ರದರ್ಶನ ನಿಂತಿತ್ತು. ಬಳಿಕ ತೋಟ ಪಾಳುಬಿದ್ದಿತು. 1874ರಲ್ಲಿ ಆಲ್ಬರ್ಟ್ ಗ್ರಾಂಟ್ ಅದನ್ನು ಕೊಂಡು ಸಾರ್ವಜನಿಕರಿಗೆ ಒಪ್ಪಿಸಿದನು.

ನಮ್ಮ ರಾಜ್ಯದ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಶಾಸನವು ಮೊದಲಿನ ದಾರಿಗೇ ಸಮೀಪವಾಗಿದೆ. ಸಾಮಾನ್ಯ ಭಾಗಗಳಲ್ಲಿ ತನಗಿರುವ ಪಾಲಿಗನುಗುಣವಾಗಿ ಪ್ರತಿಯೊಬ್ಬ ಮಾಲೀಕನೂ ವೆಚ್ಚವನ್ನು ಹೊರಬೇಕು. ಉದ್ಯಾನಕ್ಕೆ ಕಾಲಿಡೆನೆಂದು ಹೇಳಿದ ಮಾತ್ರಕ್ಕೆ ವಂತಿಗೆ ತಪ್ಪುವುದಿಲ್ಲ.