ಕಾಗೆ, ಕೊರವಂಜಿ ಮತ್ತು ಆರ್.ಕೆ. ಲಕ್ಷ್ಮಣ್

ಶ್ರೀರಂಗಪಟ್ಟಣದ ಬಳಿಯ ಪಶ್ಚಿಮವಾಹಿನಿಯಲ್ಲಿ ಅಸ್ಥಿ ವಿಸರ್ಜಿಸಿ, ಪಿಂಡವಿಟ್ಟು, ಕಾಗೆಯ ದಾರಿ ಕಾಯುವವರನ್ನು ಇಂದಿಗೂ ಕಾಣಬಹುದು. ಕಾಗೆ ಪಿಂಡ ಮುಟ್ಟಿದರೆ ಸತ್ತವರು ತೃಪ್ತರಾದರೆಂದೂ, ಮುಟ್ಟದಿದ್ದರೆ ಅವರ ಆಸೆಯೊಂದು ಉಳಿದಿದೆಯೆಂದೂ ನಂಬಿಕೆ. ಕಾಗೆ ತಡಮಾಡಿದಾಗ ಹಸಿದ ನೆಂಟರು ಸತ್ತವರ ಹಟವನ್ನೇ ನೆನೆದು ಮೆಲ್ಲನೆ ನಗುವುದೂ ಉಂಟು. ದುಃಖವನ್ನು ಹಗುರಗೊಳಿಸದೆ ದುಃಖದ ನಡುವೆಯೇ ಹುಟ್ಟುವ ಇಂಥ ನಗೆಯನ್ನು ಕರಾಳ ಹಾಸ್ಯವೆನ್ನಬಹುದು. ಪಾಂಡವಪುರ, ನಾಗಮಂಗಲ ಸೀಮೆಯ ಜನಪದರಿಗೆ ಕಾಗೆ ಎರಡು ಮುಖದ ಹಕ್ಕಿ. ಅಂಗಳದಲ್ಲಿ ಕೂಗಿದರೆ ನೆಂಟರ ಸೂಚನೆ. ತಲೆಗೆ ಬಡಿದರೆ ಅಪಶಕುನ.

ಈ ಹಕ್ಕಿಯನ್ನು ಬಾಳಿನುದ್ದಕ್ಕೂ ಚಿತ್ರಿಸಿದವರು ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್. 1921ರ ಅಕ್ಟೋಬರ್ 24ರಂದು ಮೈಸೂರಿನಲ್ಲಿ ಶಾಲಾ ಮುಖ್ಯೋಪಾಧ್ಯಾಯರ ಮಗನಾಗಿ ಹುಟ್ಟಿದ ಅವರಿಗೆ ಮುಂಬಯಿಯ ಜೆ.ಜೆ. ಕಲಾಶಾಲೆ ಪ್ರವೇಶ ನಿರಾಕರಿಸಿತು. ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದುತ್ತಲೇ ಅಣ್ಣ ಆರ್.ಕೆ. ನಾರಾಯಣರ ಕಥೆಗಳಿಗೆ ಚಿತ್ರ ಬರೆದರು. ಹಸಿರು ಮರ, ನೀಲಿ ಆಕಾಶದ ಎದುರು ಎದ್ದುಕಾಣುವ ಕಾಗೆಯ ಕಪ್ಪು ಅವರನ್ನು ಬಾಲ್ಯದಲ್ಲೇ ಸೆಳೆದಿತ್ತು. ಜನ ಅಶುಭವೆಂದು ಅಟ್ಟುವುದರಲ್ಲಿ ಅವರು ಚುರುಕುತನವನ್ನೂ ಚೆಲುವನ್ನೂ ಕಂಡರು.

ವೈದ್ಯ ಡಾ. ಎಂ. ಶಿವರಾಂ (ರಾಶಿ) 1942ರಲ್ಲಿ ಆರಂಭಿಸಿದ ಹಾಸ್ಯ ಮಾಸಪತ್ರಿಕೆ 'ಕೊರವಂಜಿ'ಗೂ ಲಕ್ಷ್ಮಣ್ ವ್ಯಂಗ್ಯಚಿತ್ರಗಳನ್ನು ಬರೆದರು. ಪತ್ರಿಕೆಯ ಹೆಸರು ಗಮನಾರ್ಹವಾದುದು. ಜನಪದ ಕಥನಗಳ ಕೊರವಂಜಿ ಬುಟ್ಟಿ ಹೊತ್ತು ಮನೆಯ ಬಾಗಿಲಿಗೆ ಬಂದು ಕಣಿ ಹೇಳುವವಳು. ಭವಿಷ್ಯ ನುಡಿಯುವ ನೆಪದಲ್ಲಿ ಮನೆಯವರು ಮುಚ್ಚಿಟ್ಟದ್ದನ್ನು ಆಡಿಬಿಡುವ ಸಲಿಗೆ ಅವಳಿಗುಂಟು. ವ್ಯಂಗ್ಯಚಿತ್ರಕ್ಕೂ ಸಮಾಜ ಕೊಡುವುದು ಇದೇ ಸಲಿಗೆ.

ಮುಂಬಯಿಗೆ ತೆರಳಿ 'ಟೈಮ್ಸ್ ಆಫ್ ಇಂಡಿಯಾ' ಸೇರಿದ ಲಕ್ಷ್ಮಣ್ 1951ರಿಂದ 'ಯೂ ಸೆಡ್ ಇಟ್' ಅಂಕಣದಲ್ಲಿ ಶ್ರೀಸಾಮಾನ್ಯನನ್ನು ಬೆಳೆಸಿದರು. ಕೊರವಂಜಿ ಮಾತಿನ ಮಲ್ಲಿಯಾದರೆ ಧೋತರ, ಚೌಕುಳಿಯ ಕೋಟು ತೊಟ್ಟ ಈ ಮುದುಕ ಮೌನಿ. ಇಬ್ಬರೂ ದೊಡ್ಡವರ ಮನೆಯೊಳಗೆ ಅಡೆತಡೆಯಿಲ್ಲದೆ ನುಗ್ಗುತ್ತಾರೆ. ಒಂದು ಪ್ರಸಿದ್ಧ ಚಿತ್ರದಲ್ಲಿ ಚಂದ್ರಯಾನಕ್ಕೆ ತಕ್ಕ ಮನುಷ್ಯನೆಂದು ಇವನನ್ನೇ ಆರಿಸುತ್ತಾರೆ. ಅನ್ನ, ನೀರು, ಬೆಳಕು, ಸೂರು ಇಲ್ಲದೆಯೂ ಬದುಕಬಲ್ಲವನೆಂಬುದೇ ಅವನ ಅರ್ಹತೆ. ನಗೆಯ ಒಳಗಿರುವುದು ಹಸಿವು. ನಕ್ಕ ಓದುಗ ಮರುಕ್ಷಣವೇ ಆ ಚಿತ್ರದಲ್ಲಿ ತನ್ನನ್ನು ಕಾಣುತ್ತಾನೆ.

ಇದನ್ನು ಜಾನಪದದಿಂದ ಪಡೆದ ನೇರ ಎರವಲು ಎನ್ನುವುದಕ್ಕಿಂತ ಒಂದೇ ಮಣ್ಣಿನ ಎರಡು ಬೆಳೆ ಎನ್ನುವುದು ಉಚಿತ. ಪಿಂಡದ ಮುಂದೆ ನಗುವ ನೆಂಟನಂತೆ ಲಕ್ಷ್ಮಣರೂ ನೋವನ್ನು ಅಲ್ಲಗಳೆಯಲಿಲ್ಲ, ಅದರೆದುರು ಕೈಕಟ್ಟಿ ನಿಲ್ಲಲೂ ಇಲ್ಲ.

1984ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2005ರಲ್ಲಿ ಪದ್ಮವಿಭೂಷಣ ಅವರಿಗೆ ಸಂದವು. ಪ್ರಜೆಯ ಪಾಡನ್ನು ಅರ್ಧ ಶತಮಾನಕ್ಕೂ ಮಿಕ್ಕು ಚಿತ್ರಿಸಿದ ಅವರು ಪುಣೆಯಲ್ಲಿ ತೀರಿಕೊಂಡದ್ದು 2015ರ ಜನವರಿ 26ರಂದು, ಗಣರಾಜ್ಯೋತ್ಸವದ ದಿನ.