ದಣಿದ ನರಗಳಿಗೆ ವ್ಯಾಯಾಮವೇ?

ಜ್ವರ ಬಂದರೆ ಮಲಗಬೇಕು, ಸುಸ್ತಾದರೆ ಕೂರಬೇಕು. ಮನೆಯ ಹಿರಿಯರು ಹೇಳುತ್ತ ಬಂದಿರುವ ಮಾತಿದು; ಬಹುಮಟ್ಟಿಗೆ ಸರಿಯಾದದ್ದೇ. ಆದರೆ ಒಂದು ಕಾಯಿಲೆಯ ವಿಷಯದಲ್ಲಿ ವೈದ್ಯರೂ ಇದನ್ನೇ ಹೇಳುತ್ತ, ದಶಕಗಟ್ಟಲೆ ರೋಗಿಗಳನ್ನು ಕುರ್ಚಿಗೆ ಅಂಟಿಸಿಬಿಟ್ಟಿದ್ದರು. ಅದರ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್, ಚಿಕ್ಕದಾಗಿ ಎಂ.ಎಸ್. ಪ್ಯಾರಿಸ್ಸಿನ ವೈದ್ಯ ಶಾರ್ಕೊ 1868ರಲ್ಲಿ ಇದನ್ನು ಸ್ಪಷ್ಟವಾಗಿ ವಿವರಿಸಿದರು. ಸಾಮಾನ್ಯವಾಗಿ 20ರಿಂದ 40ರ ವಯಸ್ಸಿನೊಳಗೆ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಅಂದರೆ ನಿಮಗಿಂತ ತುಸುವೇ ದೊಡ್ಡವರಾದ, ಓದು ಮುಗಿಸಿ ಕೆಲಸಕ್ಕೆ ಸೇರುವ ಹೊತ್ತಿನವರ ಕಾಯಿಲೆ.

ಇದರಲ್ಲಿ ಆಗುವುದೇನು? ಮಿದುಳು ಮತ್ತು ಬೆನ್ನುಹುರಿಯ ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ವಿದ್ಯುತ್ ತಂತಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ನೆನಪಿಸಿಕೊಳ್ಳಿ. (ಹೋಲಿಕೆ ಪೂರ್ತಿ ಒಪ್ಪುವುದಿಲ್ಲ, ಮಯಲಿನ್ ಸಂದೇಶದ ವೇಗವನ್ನೂ ಹೆಚ್ಚಿಸುತ್ತದೆ.) ರೋಗಾಣುಗಳ ವಿರುದ್ಧ ಹೋರಾಡಬೇಕಾದ ನಮ್ಮದೇ ಬಿಳಿ ರಕ್ತಕಣಗಳಲ್ಲಿ ಕೆಲವು ದಾರಿ ತಪ್ಪಿ ಮಿದುಳನ್ನು ಹೊಕ್ಕು, ಈ ಹೊದಿಕೆಯನ್ನು ಶತ್ರುವೆಂದು ತಿಳಿದು ಕೆಡವುತ್ತವೆ. ಹೊದಿಕೆ ಹೋದ ಜಾಗದಲ್ಲಿ ಸಂದೇಶ ನಿಧಾನವಾಗುತ್ತದೆ ಅಥವಾ ನಿಂತೇ ಹೋಗುತ್ತದೆ. ಕಣ್ಣು ಮಂಜಾಗುವುದು, ಕಾಲು ಮರಗಟ್ಟುವುದು, ನಡಿಗೆ ತಪ್ಪುವುದು, ಹೇಳತೀರದ ದಣಿವು, ಇವೆಲ್ಲ ಅದರ ಫಲ. ಎಪ್‌ಸ್ಟೀನ್-ಬಾರ್ ಎಂಬ ವೈರಸ್ಸಿನ ಸೋಂಕು ಈ ಕಾಯಿಲೆಗೆ ಮುಖ್ಯ ಪ್ರೇರಣೆ ಎಂಬುದಕ್ಕೆ 2022ರಲ್ಲಿ ಬಲವಾದ ಪುರಾವೆ ದೊರೆಯಿತು. ಆದರೆ ಆ ಸೋಂಕು ತಗಲಿದವರಲ್ಲಿ ತೀರ ಕೆಲವರಿಗೆ ಮಾತ್ರ ಎಂ.ಎಸ್. ಬರುತ್ತದೆ.

ಈಗ ವಿಶ್ರಾಂತಿಯ ಕಥೆಗೆ ಬರೋಣ. 1890ರಲ್ಲಿ ಜರ್ಮನಿಯ ಕಣ್ಣಿನ ವೈದ್ಯ ಊಟ್‌ಹಾಫ್ ಒಂದು ವಿಚಿತ್ರವನ್ನು ಗಮನಿಸಿದರು. ಕೆಲವು ಎಂ.ಎಸ್. ರೋಗಿಗಳು ಓಡಾಡಿ ದಣಿದರೆ ಅವರ ದೃಷ್ಟಿ ಮಸುಕಾಗುತ್ತಿತ್ತು. ಸುಮ್ಮನೆ ಕುಳಿತರೆ ಸರಿಹೋಗುತ್ತಿತ್ತು. ಶ್ರಮವೇ ಕಾರಣವೆಂದು ಅವರು ಭಾವಿಸಿದರು. ನೋಡಿದವರು ಯಾರಾದರೂ ಹಾಗೆಯೇ ಭಾವಿಸುತ್ತಿದ್ದರು! ನಿಜವಾದ ಕಾರಣ ಶ್ರಮವಲ್ಲ, ಶ್ರಮದಿಂದ ಹುಟ್ಟಿದ ಶಾಖ ಎಂಬುದು ಬಹಳ ಕಾಲದ ಮೇಲೆ ತಿಳಿಯಿತು. ಹೊದಿಕೆ ಕಳೆದುಕೊಂಡ ನರದಲ್ಲಿ ಮೈಯ ಉಷ್ಣತೆ ಅರ್ಧ ಡಿಗ್ರಿ ಸೆಲ್ಸಿಯಸ್ ಏರಿದರೂ ಸಂದೇಶ ತಡೆಯಬಹುದು. ಬಿಸಿನೀರಿನ ಸ್ನಾನದಿಂದಲೂ ಹೀಗಾಗುತ್ತದೆ, ಎಂ.ಆರ್.ಐ. ಬರುವ ಮೊದಲು ವೈದ್ಯರು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿಯೇ ಕಾಯಿಲೆಯನ್ನು ಗುರುತಿಸಲು ನೋಡುತ್ತಿದ್ದರು. ಮೈ ತಣ್ಣಗಾದರೆ ದೃಷ್ಟಿ ಮರಳುತ್ತದೆ. ನರಕ್ಕೆ ಹೊಸ ಹಾನಿಯೇನೂ ಆಗಿರುವುದಿಲ್ಲ. ಆದರೆ 'ದಣಿಯಬೇಡಿ' ಎಂಬ ಸಲಹೆ ಮಾತ್ರ ಉಳಿದುಕೊಂಡಿತು. ಕೂತವರ ಸ್ನಾಯು ಸೊರಗಿತು, ಹೃದಯ ದುರ್ಬಲವಾಯಿತು. ಆ ನಿಶ್ಶಕ್ತಿಯನ್ನೂ ಕಾಯಿಲೆಯ ಲೆಕ್ಕಕ್ಕೇ ಬರೆದರು.

1996ರಲ್ಲಿ ಅಮೆರಿಕದ ಯೂಟಾದ ವಿಜ್ಞಾನಿಗಳು 54 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರು 15 ವಾರ, ವಾರಕ್ಕೆ ಮೂರು ದಿನ, ದಿನಕ್ಕೆ 40 ನಿಮಿಷ ಕೈಕಾಲು ಎರಡರಿಂದಲೂ ತುಳಿಯುವ ಸೈಕಲ್ ಯಂತ್ರದ ಮೇಲೆ ಬೆವರು ಹರಿಸಿದರು. ಅವರ ದೇಹ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಶೇಕಡಾ 22ರಷ್ಟು ಹೆಚ್ಚಿತು. ಕಾಯಿಲೆ ಉಲ್ಬಣಿಸಲಿಲ್ಲ.

ಇದರಲ್ಲಿ ರೋಗರಕ್ಷಣಾ ವ್ಯವಸ್ಥೆಯ ಪಾತ್ರವೇನು ಎಂದು ನೀವು ಕೇಳಬಹುದು. ಸ್ನಾಯು ಕೇವಲ ಎಳೆಯುವ ಹಗ್ಗವಲ್ಲ, ಅದೊಂದು ಗ್ರಂಥಿಯಂತೆಯೂ ಕೆಲಸ ಮಾಡುತ್ತದೆ. ಡೆನ್ಮಾರ್ಕಿನ ವಿಜ್ಞಾನಿ ಬೆಂಟೆ ಪೆಡರ್ಸನ್ ಮತ್ತು ಸಂಗಡಿಗರು ತೋರಿಸಿದಂತೆ, ದುಡಿಯುವ ಸ್ನಾಯು ಇಂಟರ್‌ಲ್ಯೂಕಿನ್-6 ಎಂಬ ವಸ್ತುವನ್ನು ರಕ್ತಕ್ಕೆ ಬಿಡುತ್ತದೆ. ಸೋಂಕಿನ ಸಮಯದಲ್ಲಿ ಇದೇ ವಸ್ತು ಉರಿಯೂತದ ಜೊತೆಗಾರ. ವ್ಯಾಯಾಮದಲ್ಲಾದರೋ ಅದರ ಹಿಂದೆಯೇ ಉರಿಯೂತವನ್ನು ತಗ್ಗಿಸುವ ಇಂಟರ್‌ಲ್ಯೂಕಿನ್-10 ಏರುತ್ತದೆ. ಒಂದೇ ಮಾತು ಸಂದರ್ಭಕ್ಕೆ ತಕ್ಕಂತೆ ಬೈಗುಳವೂ ಆಗುತ್ತದೆ, ಸಲಿಗೆಯೂ ಆಗುತ್ತದೆಯಲ್ಲ, ಹಾಗೆ.

ಹಾಗೆಂದು ವ್ಯಾಯಾಮವೇ ಮದ್ದು ಎಂದು ಹಿಗ್ಗಬೇಡಿ. ಎಂ.ಎಸ್. ರೋಗಿಗಳ ರಕ್ತದಲ್ಲಿ ಈ ವಸ್ತುಗಳನ್ನು ಅಳೆದಾಗ ಸಿಕ್ಕ ಫಲಿತಾಂಶಗಳು ಒಂದಕ್ಕೊಂದು ಹೊಂದುವುದಿಲ್ಲ. ಡೆನ್ಮಾರ್ಕಿನಲ್ಲೇ 24 ವಾರ ಕಠಿಣ ವ್ಯಾಯಾಮ ಮಾಡಿಸಿದ ಪ್ರಯೋಗದಲ್ಲಿ ರೋಗಿಗಳ ದೇಹಶಕ್ತಿ ಹೆಚ್ಚಿತು. ಮಿದುಳು ಕುಗ್ಗುವುದು ಮಾತ್ರ ನಿಧಾನವಾಗಲಿಲ್ಲ. ಔಷಧಿಯ ಜಾಗ ಔಷಧಿಗೇ. ಆದರೂ 2020ರಲ್ಲಿ ಅಮೆರಿಕದ ಎಂ.ಎಸ್. ಸಂಘ ವಾರಕ್ಕೆ ಕನಿಷ್ಠ 150 ನಿಮಿಷದ ಚಟುವಟಿಕೆಯನ್ನು, ಅವರವರ ಶಕ್ತಿಗೆ ತಕ್ಕಂತೆ, ಸೂಚಿಸಿತು.

ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇಂಥವರಿದ್ದರೆ, ರಾಯಚೂರು ಕಲಬುರಗಿಯ ಏಪ್ರಿಲ್ ಮಧ್ಯಾಹ್ನ ಅವರನ್ನು ನಡಿಗೆಗೆ ಕರೆಯಬೇಡಿ. ಮುಂಜಾನೆಯ ತಂಪು, ಫ್ಯಾನಿನ ಗಾಳಿ, ಕುಡಿಯಲು ತಣ್ಣೀರು, ನಡುನಡುವೆ ಬಿಡುವು ಇರಲಿ. ಎಷ್ಟು, ಹೇಗೆ ಎಂಬುದನ್ನು ಅವರ ವೈದ್ಯರು ಹೇಳಲಿ. ನಡೆದ ಮೇಲೆ ಕಣ್ಣು ಮಂಜಾಗಿ, ಮೈ ತಣಿದಾಗ ತಿಳಿಯಾದರೆ ಅದು ಊಟ್‌ಹಾಫ್ ಕಂಡ ಶಾಖದ ಆಟ. ಹೊಸ ತೊಂದರೆಯೊಂದು 24 ಗಂಟೆ ಕಳೆದರೂ ಹೋಗದಿದ್ದರೆ ಮಾತ್ರ ಅದು ಬೇರೆ ವಿಷಯ. ತಡಮಾಡದೆ ನರರೋಗ ತಜ್ಞರಿಗೆ ತೋರಿಸಬೇಕು.