25 ಸಾವಿರದ ವೆಬ್‌ಸೈಟ್, 500 ರೂಪಾಯಿಯ ದಾನಿ

ದೇಣಿಗೆ ಕೇಳಲು ವೆಬ್‌ಸೈಟ್ ಮಾಡಿಸೋಣ ಎಂಬ ಮಾತು ಬಂದರೆ ಸಣ್ಣ ಟ್ರಸ್ಟ್‌ಗಳ ಸಭೆಯಲ್ಲಿ ಏಳುವುದು ಎರಡೇ ಪ್ರಶ್ನೆ. ಎಷ್ಟು ಖರ್ಚಾಗುತ್ತದೆ? ಹಾಕಿದ ದುಡ್ಡು ಹುಟ್ಟುತ್ತದೆಯೇ? ಎರಡಕ್ಕೂ ಲೆಕ್ಕ ಹಾಕಿಯೇ ಉತ್ತರ ಹೇಳಬಹುದು.

ಖರ್ಚಿನ ಬಾಬ್ತು

ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್ ತಂತ್ರಾಂಶ 2003ರಿಂದಲೂ ಉಚಿತ. ಪಾವತಿ ವಿವರ ಸೋರದಂತೆ ಕಾಯುವ ಭದ್ರತಾ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಬಿಡಿಗಾಸೂ ತೆಗೆದುಕೊಳ್ಳದೆ ಕೊಡುತ್ತದೆ. ಉಳಿದದ್ದಕ್ಕೆ ಒಂದು ಸಾಧಾರಣ ಅಂದಾಜು ಹಿಡಿಯೋಣ:

- ಡೊಮೈನ್ ಹೆಸರು, ವರ್ಷಕ್ಕೆ: 1,000 ರೂ.
- ಹೋಸ್ಟಿಂಗ್, ವರ್ಷಕ್ಕೆ: 4,000 ರೂ.
- ವಿನ್ಯಾಸ ಮತ್ತು ಬರವಣಿಗೆ, ಒಮ್ಮೆ ಮಾತ್ರ: 20,000 ರೂ.
- ಮೊದಲ ವರ್ಷದ ಒಟ್ಟು: 25,000 ರೂ. ಎರಡನೆಯ ವರ್ಷದಿಂದ: 5,000 ರೂ.

ಎಷ್ಟು ದಾನಿಗಳು ಬೇಕು?

ಆನ್‌ಲೈನ್ ಪಾವತಿ ಸ್ವೀಕರಿಸಿಕೊಡುವ ಪೇಮೆಂಟ್ ಗೇಟ್‌ವೇಗಳ ಶುಲ್ಕ ಸಾಮಾನ್ಯವಾಗಿ ಶೇ 2. ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ. 500 ರೂಪಾಯಿ ದೇಣಿಗೆ ಬಂದರೆ 11.80 ರೂ. ಕಡಿತವಾಗಿ 488.20 ರೂ. ಖಾತೆಗೆ ಬೀಳುತ್ತದೆ. ಅಂದರೆ ಮೊದಲ ವರ್ಷ 52 ದಾನಿಗಳು ಸಿಕ್ಕರೆ ಹಾಕಿದ ದುಡ್ಡು ಹುಟ್ಟಿತು. ಮರುವರ್ಷ 11 ಮಂದಿ ಸಾಕು.

ಟ್ರಸ್ಟ್‌ನ ಬ್ಯಾಂಕ್ ಖಾತೆಗೆ ನೇರ ಹೋಗುವ ಯುಪಿಐ ಕ್ಯೂಆರ್ ಕೋಡ್ ಹಾಕಿದರೆ ಈ ಕಡಿತವೂ ಇಲ್ಲ, ಏಕೆಂದರೆ ಯುಪಿಐ ಪಾವತಿಯ ಮೇಲಿನ ವ್ಯಾಪಾರಿ ಶುಲ್ಕವನ್ನು ಸರ್ಕಾರ 2020ರ ಜನವರಿ 1ರಿಂದ ತೆಗೆದುಹಾಕಿದೆ. ಆದರೆ ಯಾರು ಕೊಟ್ಟರೆಂದು ಹುಡುಕಿ ರಸೀದಿ ಬರೆಯುವ ಕೆಲಸ ಗುಮಾಸ್ತರ ತಲೆಗೆ ಬರುತ್ತದೆ. ಗೇಟ್‌ವೇ ಇದ್ದರೆ ಹೆಸರು, ವಿಳಾಸ, ಪ್ಯಾನ್ ಸಂಖ್ಯೆ ದೇಣಿಗೆಯ ಜೊತೆಗೇ ದಾಖಲಾಗುತ್ತವೆ. ಆ 11.80 ರೂಪಾಯಿ ದಂಡವಲ್ಲ.

ಇನ್ನೂ ಗಟ್ಟಿಯಾದದ್ದು ತಿಂಗಳ ದೇಣಿಗೆ. ದಾನಿ ಒಮ್ಮೆ ಒಪ್ಪಿಗೆ ಕೊಟ್ಟರೆ 15,000 ರೂ. ಒಳಗಿನ ಕಂತು ಪ್ರತಿ ತಿಂಗಳೂ ಒಟಿಪಿ ಕೇಳದೆ ಜಮೆಯಾಗಲು ರಿಸರ್ವ್ ಬ್ಯಾಂಕ್ 2022ರಲ್ಲಿ ಅವಕಾಶ ಮಾಡಿತು. ಅದಕ್ಕೂ ಮೊದಲು ಈ ಮಿತಿ 5,000 ರೂ. ಇತ್ತು. ತಿಂಗಳಿಗೆ 500 ಕೊಡುವ ಹತ್ತೇ ಜನರಿಂದ ವರ್ಷಕ್ಕೆ 60,000 ರೂಪಾಯಿ.

ದೊಡ್ಡ ಅಂಕಿ ಜೇಬು ಬಿಚ್ಚಿಸುವುದಿಲ್ಲ

ದಾನಿಗಳು ಬರಬೇಕಾದರೆ ಮುಖಪುಟದಲ್ಲಿ ಏನಿರಬೇಕು? ಅಮೆರಿಕದ ಸಂಶೋಧಕರಾದ ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್ ಮತ್ತು ಪಾಲ್ ಸ್ಲೋವಿಕ್ 2007ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಅಳೆದಿದೆ. ಭಾಗವಹಿಸಿದವರ ಕೈಗೆ 5 ಡಾಲರ್ ಕೊಟ್ಟು, ಅದರಲ್ಲಿ ದಾನ ಮಾಡುವಿರಾ ಎಂದು ಕೇಳಿದರು. ಆಫ್ರಿಕಾದ ಲಕ್ಷಾಂತರ ಜನರ ಹಸಿವಿನ ಅಂಕಿಅಂಶ ಓದಿದವರು ಕೊಟ್ಟದ್ದು ಸರಾಸರಿ 1.14 ಡಾಲರ್. ಮಾಲಿ ದೇಶದ ರೊಕಿಯಾ ಎಂಬ ಏಳು ವರ್ಷದ ಹುಡುಗಿಯ ವಿವರ ಓದಿದವರು ಕೊಟ್ಟದ್ದು 2.38 ಡಾಲರ್. ಹುಡುಗಿಯ ವಿವರದ ಜೊತೆ ಅಂಕಿಅಂಶವನ್ನೂ ಸೇರಿಸಿದಾಗ ಮೊತ್ತ 1.43 ಡಾಲರ್‌ಗೆ ಇಳಿಯಿತು.

ಮುಖಪುಟದ ತುಂಬ ಕೋಟಿ, ಲಕ್ಷಗಳ ಸಂಖ್ಯೆ ಹಾಕುವವರು ಈ ಮೂರು ಅಂಕಿಗಳನ್ನು ನೆನಪಿಡಬೇಕು. ಮುಖಪುಟದಲ್ಲಿ ಒಬ್ಬರ ಬದುಕು ಇರಲಿ, ಅದೂ ಅವರ ಒಪ್ಪಿಗೆ ಪಡೆದು. ಆಯವ್ಯಯ, ಆಡಿಟ್ ವರದಿಗಳಿಗೆ ಬೇರೆ ಪುಟವಿರಲಿ.

ಮುಖಪುಟಕ್ಕೆ ಒಂದು ಅಂಕಿ ಮಾತ್ರ ಬೇಕೇಬೇಕು: ನನ್ನ ದುಡ್ಡಿಗೆ ಏನಾಗುತ್ತದೆ ಎಂಬುದು. 2000ದ ಜೂನ್‌ನಲ್ಲಿ ಬೆಂಗಳೂರಿನ 5 ಶಾಲೆಗಳ 1,500 ಮಕ್ಕಳಿಗೆ ಊಟ ಕೊಡಲು ಹೊರಟ ಅಕ್ಷಯ ಪಾತ್ರ ಪ್ರತಿಷ್ಠಾನ, ಒಂದು ಮಗುವಿನ ಒಂದು ವರ್ಷದ ಊಟಕ್ಕೆ 1,500 ರೂಪಾಯಿ ಎಂದು ಹಲವು ವರ್ಷ ಕೇಳಿತು. ಸರ್ಕಾರದ ನೆರವು ಇದಕ್ಕೆ ಹೊರತು. ಶಾಲೆ 220 ದಿನ ನಡೆಯುತ್ತದೆಂದು ಹಿಡಿದರೆ ಊಟವೊಂದಕ್ಕೆ ದಾನಿಯ ಪಾಲು 7 ರೂಪಾಯಿಗಿಂತ ಕಡಿಮೆ. ಇಷ್ಟು ಚಿಕ್ಕ ಲೆಕ್ಕವನ್ನು ಯಾರಾದರೂ ಮನಸ್ಸಿನಲ್ಲೇ ಮಾಡಿಕೊಳ್ಳುತ್ತಾರೆ.

ಮೂರು ಸೆಕೆಂಡು

ಪುಟ ತೆರೆಯಲು 3 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಮೊಬೈಲಿನಲ್ಲಿ ಬಂದವರಲ್ಲಿ ಶೇ 53ರಷ್ಟು ಮಂದಿ ಹಿಂದಿರುಗುತ್ತಾರೆ ಎಂದು ಗೂಗಲ್ 2016ರಲ್ಲಿ ಹೇಳಿತ್ತು. ಫೋನಿನಲ್ಲಿ ತೆಗೆದ 4 ಎಂಬಿ ಚಿತ್ರವನ್ನು ಹಾಗೆಯೇ ಹಾಕಿದರೆ 4 ಎಂಬಿಪಿಎಸ್ ವೇಗದಲ್ಲಿ ತೆರೆಯಲು 8 ಸೆಕೆಂಡು ಬೇಕು. ಅದನ್ನೇ 200 ಕೆಬಿಗೆ ಇಳಿಸಿದರೆ ಅರ್ಧ ಸೆಕೆಂಡಿನೊಳಗೆ ಬರುತ್ತದೆ. ಇದಕ್ಕೆ ತಗಲುವ ಖರ್ಚು ಸೊನ್ನೆ.

ತೆರಿಗೆಯ ಮಾತು

80ಜಿ ಮಾನ್ಯತೆ ಇರುವ ಟ್ರಸ್ಟ್‌ಗೆ 10,000 ರೂ. ಕೊಟ್ಟರೆ ಸಾಮಾನ್ಯವಾಗಿ ಅರ್ಧದಷ್ಟು, ಅಂದರೆ 5,000 ರೂಪಾಯಿ, ತೆರಿಗೆಗೆ ಒಳಪಡುವ ಆದಾಯದಿಂದ ಕಳೆಯುತ್ತದೆ. ಶೇ 30ರ ಹಂತದವರಿಗೆ ಸೆಸ್ ಸೇರಿ 1,560 ರೂ. ಉಳಿತಾಯ. 2,000 ರೂ. ಮೀರಿದ ನಗದು ದಾನಕ್ಕೆ ಇದು ಸಿಗದು. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ ಈ ಅನುಕೂಲ. 2024ರ ಜುಲೈ 31ರವರೆಗೆ ಸಲ್ಲಿಕೆಯಾದ 7.28 ಕೋಟಿ ರಿಟರ್ನ್‌ಗಳಲ್ಲಿ 5.27 ಕೋಟಿ ಹೊಸ ಪದ್ಧತಿಯವು. ಹಾಗಾಗಿ ತೆರಿಗೆಯ ಆಸೆ ತೋರಿಸಿ ದೇಣಿಗೆ ಕೇಳುವ ಕಾಲ ಹಿಂದೆ ಸರಿಯುತ್ತಿದೆ.

ವಿದೇಶದ ಕನ್ನಡಿಗರಿಂದ ಪಡೆಯುವಾಗ ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಕೇಳಲೇಬೇಕು. ಭಾರತದ ಪೌರರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟದ್ದು ವಿದೇಶಿ ದೇಣಿಗೆ. ಅದಕ್ಕೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಅನುಮತಿ ಮತ್ತು ನವದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಖಾತೆ ಬೇಕು. ಆ ಹಣದಲ್ಲಿ ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ.

ಟ್ರಸ್ಟ್ ನಡೆಸುವವರಲ್ಲಿ ಒಂದು ಮನವಿ. ಡಿಸೈನರನ್ನು ಕರೆಯುವ ಮೊದಲು ಒಂದು ವಾಕ್ಯ ಬರೆಯಿರಿ: ನಮಗೆ 500 ರೂಪಾಯಿ ಕೊಟ್ಟರೆ ಯಾರಿಗೆ ಏನು ಸಿಗುತ್ತದೆ? ಅದನ್ನು ಕನ್ನಡದಲ್ಲೇ ಬರೆಯಿರಿ. ಆ ವಾಕ್ಯ ನಿಜವಾಗಿದ್ದು, ಕೊಟ್ಟವರಿಗೆ ಅಂದೇ ರಸೀದಿ ತಲುಪಿದರೆ 52 ದಾನಿಗಳು ದೂರವಿಲ್ಲ. ವಾಕ್ಯವೇ ಹೊಳೆಯದಿದ್ದರೆ 25 ಸಾವಿರ ಖರ್ಚು ಮಾಡಬೇಡಿ.